ನಾಲ್ಕು ತಿಂಗಳು ಬಚ್ಚಿಟ್ಟ ಬ್ಯಾಗಿನ ಗುಟ್ಟು

"ಅಣ್ಣ, ದಿನಾ ಅಷ್ಟೊಂದು ಬ್ಯಾಗ್ ಹೊಲೀತೀಯಲ್ಲ, ಎಲ್ಲಿ ಮಾರ್ತೀಯ? ಲಾಭ ಇದೆಯಾ?"

ನಾನು ಫೋನ್‌ನಲ್ಲಿ ಆಡುವ ಆಲ್ಬಿಯನ್ ಆನ್‌ಲೈನ್ ಆಟದ ಬ್ಯಾಗಿನ ಮಾತು ಇದು. ನಮ್ಮ ಗಿಲ್ಡ್‌ನ, ಅಂದರೆ ಒಟ್ಟಿಗೆ ಆಡುವವರ ಗುಂಪಿನ, ಹುಡುಗನೊಬ್ಬ ರಾತ್ರಿ ಹನ್ನೊಂದಕ್ಕೆ ಚಾಟ್‌ನಲ್ಲಿ ಕೇಳಿದ್ದ. 2023ರ ಮಳೆಗಾಲ. ನಾನು ಯೋಚನೆಯನ್ನೂ ಮಾಡದೆ ಟೈಪ್ ಮಾಡಿದೆ: "ಲಾಸ್ ಕಣೋ. ಸುಮ್ನೆ ಟೈಮ್‌ಪಾಸ್."

ಹಸಿ ಸುಳ್ಳು. ಪಕ್ಕದಲ್ಲೇ ಇನ್ನೂರು ಪುಟದ ಲಾಂಗ್ ನೋಟ್‌ಬುಕ್ ಬಿದ್ದಿತ್ತು. ಅದರಲ್ಲಿ ದಿನದಿನದ ಲೆಕ್ಕ. ಒಂದು ಬ್ಯಾಗಿಗೆ ಎರಡು ಸಾವಿರಕ್ಕೂ ಮೇಲೆ ಲಾಭ ಅಂತ ಕೆಂಪು ಪೆನ್ನಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ. ಹೆಂಡತಿ ಒಂದು ಸಲ ಅದನ್ನು ತೆರೆದು ನೋಡಿ, "ಯಾರಿಗೆ ಸಾಲ ಕೊಟ್ಟಿದೀರಿ?" ಅಂತ ಗಾಬರಿಯಾಗಿದ್ದಳು. ಇದು ಆಟದ ಬೆಳ್ಳಿ ಕಣೇ, ನಿಜವಾದ ದುಡ್ಡಲ್ಲ ಅಂದ ಮೇಲೆ ಇನ್ನೂ ಜಾಸ್ತಿ ಸಿಟ್ಟಾದಳು.

ನಾನು ಮಂಡ್ಯದವನು. ಕೆಲಸ ಮೈಸೂರಿನಲ್ಲಿ. ಬೆಳಿಗ್ಗೆ ರೈಲು, ಸಂಜೆ ರೈಲು. ಸೀಟು ಸಿಕ್ಕಿದರೆ ಫೋನ್ ತೆಗೆದು ಆಲ್ಬಿಯನ್ ಆನ್‌ಲೈನ್ ಶುರು ಮಾಡುತ್ತೇನೆ. ಈ ಆಟ ಬಂದಿದ್ದು 2017ರಲ್ಲಿ. ಆದರೆ 2021ರ ಜೂನ್‌ನಲ್ಲಿ ಮೊಬೈಲಿಗೆ ಬಂದ ಮೇಲೆ ನನ್ನಂಥವರ ಕೈಗೆ ಸಿಕ್ಕಿತು. 2023ರ ಮಾರ್ಚ್‌ನಲ್ಲಿ ಏಷ್ಯಾ ಕಡೆಯವರಿಗೆ ಅಂತ ಬೇರೆ ಸರ್ವರ್ ತೆರೆದರು. ಅಲ್ಲಿ ಎಲ್ಲರದೂ ಸೊನ್ನೆಯಿಂದ ಬದುಕು. ಹಳೆ ಶ್ರೀಮಂತರು ಇಲ್ಲ, ಹಳೆ ಗೋದಾಮು ಇಲ್ಲ. ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣ, ಮೈಸೂರು ಕಡೆಯ ಹದಿನೈದು ಜನ ಸೇರಿ ಒಂದು ಗಿಲ್ಡ್ ಕಟ್ಟಿಕೊಂಡೆವು. ಅವರಲ್ಲಿ ಅರ್ಧ ಜನರ ಮುಖವನ್ನು ನಾನು ಇವತ್ತಿಗೂ ನೋಡಿಲ್ಲ.

ಈ ಆಟದಲ್ಲಿ ಕತ್ತಿ, ಕವಚ, ಊಟ, ಚೀಲ, ಸವಾರಿಯ ಪ್ರಾಣಿ, ಹೆಚ್ಚುಕಡಿಮೆ ಎಲ್ಲವನ್ನೂ ಆಟಗಾರರೇ ಮಾಡಬೇಕು. ಇನ್ನೊಂದು ವಿಶೇಷ ಅಂದರೆ ಒಂದೊಂದು ಊರಿಗೂ ಬೇರೆ ಮಾರುಕಟ್ಟೆ. ಮಂಡ್ಯದ ಸಂತೆಯಲ್ಲಿ ಟೊಮೆಟೊ ಹತ್ತು ರೂಪಾಯಿ, ಅದೇ ಹೊತ್ತಿಗೆ ದೇವರಾಜ ಮಾರುಕಟ್ಟೆಯಲ್ಲಿ ಇಪ್ಪತ್ತು ಇದ್ದರೆ ಹೇಗೋ ಹಾಗೆ. ಬೆಲೆಯ ವ್ಯತ್ಯಾಸ ಬೇಕು ಅಂದರೆ ನೀವೇ ಹೊತ್ತುಕೊಂಡು ಹೋಗಬೇಕು. ಅದಕ್ಕೆ ಅಂತಲೇ ಸಾಗಣೆಯ ಎತ್ತು ಇದೆ. ಟ್ರಾನ್ಸ್‌ಪೋರ್ಟ್ ಆಕ್ಸ್ ಅಂತಾರೆ. ನಿಧಾನ, ಆದರೆ ಭಾರ ಎಳೆಯುತ್ತದೆ. ಮಂಡ್ಯದವನಿಗೆ ಎತ್ತು ಕೊಟ್ಟರೆ ಬಿಡುತ್ತಾನಾ?

ಯಾವುದಕ್ಕೆ ಏನೇನು ಹಾಕಬೇಕು ಅನ್ನೋ ಪಾಕವಿಧಾನ ಇಲ್ಲಿ ಗುಟ್ಟಲ್ಲ. ಕ್ರಾಫ್ಟಿಂಗ್ (ಸಾಮಾನು ಮಾಡುವ ಕಸುಬು) ಕಟ್ಟಡದ ಮುಂದೆ ನಿಂತರೆ ಎಲ್ಲವೂ ತೆರೆದೇ ಕಾಣುತ್ತದೆ. ನಾಲ್ಕನೇ ಟಿಯರ್ (ದರ್ಜೆ) ಬ್ಯಾಗಿಗೆ 8 ಹದ ಮಾಡಿದ ಚರ್ಮ, 8 ಬಟ್ಟೆ. ಎಳೆ ಮಗುವಿಗೂ ಗೊತ್ತು. ಹಾಗಾದರೆ ನಾನು ಬಚ್ಚಿಟ್ಟಿದ್ದು ಏನು? ಯಾವ ಸಾಮಾನು, ಯಾವ ಊರಲ್ಲಿ, ಯಾವ ಹೊತ್ತಲ್ಲಿ, ಯಾರಿಗೆ ಮಾರಬೇಕು ಅನ್ನೋದನ್ನ. ಕ್ರಾಫ್ಟಿಂಗ್ ಮಾಡುವವರ ಗುಟ್ಟು ಅಂದರೆ ಈಗಿನ ಕಾಲದಲ್ಲಿ ಅದೇ.

ನನ್ನ ದಾರಿ ಹೀಗಿತ್ತು. ಬ್ರಿಜ್‌ವಾಚ್ ಅನ್ನೋ ಊರಿನ ಸುತ್ತ ಒಣ ಹುಲ್ಲುಗಾವಲು. ಅಲ್ಲಿ ಪ್ರಾಣಿ ಹೊಡೆದು ಹಸಿ ಚರ್ಮ ಸುಲಿಯುತ್ತಿದ್ದೆ. ಬೆಳಗಿನ ರೈಲಿನ ಕೆಲಸ ಅದು. ಪಾಂಡವಪುರದ ಹತ್ತಿರ ಸಿಗ್ನಲ್ ಹೋದರೆ ಪ್ರಾಣಿಯೇ ನನ್ನನ್ನು ಹೊಡೆಯುತ್ತಿತ್ತು, ಅದು ಬೇರೆ ವಿಷಯ. ಸಂಜೆ ಆ ಚರ್ಮವನ್ನು ಎತ್ತಿನ ಮೇಲೆ ಹೇರಿ ಪಕ್ಕದ ಊರು ಮಾರ್ಟ್‌ಲಾಕ್‌ಗೆ ಒಯ್ಯುತ್ತಿದ್ದೆ. ಚರ್ಮ ಹದ ಮಾಡಲು ಆ ಊರಿಗೆ ವಿಶೇಷ ಅನುಕೂಲ ಇದೆ. 2 ಹಸಿ ಚರ್ಮಕ್ಕೆ ಕೆಳಗಿನ ಟಿಯರ್‌ನ 1 ಹದ ಚರ್ಮ ಸೇರಿಸಿದರೆ ಒಂದು ನಾಲ್ಕನೇ ಟಿಯರ್ ಚರ್ಮ. ಮಾರ್ಟ್‌ಲಾಕ್‌ನಲ್ಲಿ ಮಾಡಿದರೆ ಹಾಕಿದ ಸಾಮಾನಿನಲ್ಲಿ ಶೇ. 36.7 ವಾಪಸ್ ಸಿಗುತ್ತದೆ. ರಾಜನಗರ ಅಂತ ಕರೆಯುವ ಇಂಥ ಬೇರೆ ಊರುಗಳಲ್ಲಿ ಬರೀ ಶೇ. 15.2. ಬಟ್ಟೆಯನ್ನು ಮಾರುಕಟ್ಟೆಯಲ್ಲಿ ಕೊಳ್ಳುತ್ತಿದ್ದೆ. ಬ್ಯಾಗ್ ಹೊಲಿದು ನೂರು, ನೂರಿಪ್ಪತ್ತು ಆದ ಮೇಲೆ ಕಾರ್ಲಿಯನ್‌ಗೆ ಹೊರಡುತ್ತಿದ್ದೆ.

ಕಾರ್ಲಿಯನ್ ನಕ್ಷೆಯ ನಡುವೆ ಇರುವ ಊರು. ಅಲ್ಲಿ ಬ್ಲ್ಯಾಕ್ ಮಾರ್ಕೆಟ್ ಇದೆ. ಹೆಸರು ಕೇಳಿ ಹೆದರಬೇಡಿ. ಆಟದಲ್ಲಿ ರಾಕ್ಷಸರನ್ನು ಕೊಂದಾಗ ಬೀಳುವ ಸಾಮಾನು ಆಕಾಶದಿಂದ ಬರುವುದಿಲ್ಲ. ನಮ್ಮಂಥವರು ಮಾಡಿದ್ದನ್ನು ಆ ಮಾರುಕಟ್ಟೆ ಕೊಂಡು ರಾಕ್ಷಸರ ಜೇಬಿಗೆ ಹಾಕುತ್ತದೆ. ತುಂಬಾ ಹೊತ್ತು ಯಾರೂ ಮಾರದಿದ್ದರೆ ಅದು ಕೇಳುವ ಬೆಲೆ ಏರುತ್ತದೆ. ರಾತ್ರಿ ಹನ್ನೊಂದರ ಸುಮಾರಿಗೆ ಬ್ಯಾಗಿನ ಬೆಲೆ ಏರಿರುತ್ತದೆ ಅಂತ ನಾನು ಕಂಡುಕೊಂಡಿದ್ದೆ. ಮೂರು ವಾರ ಗಂಟೆಗಂಟೆಗೂ ಬೆಲೆ ಬರೆದಿಟ್ಟು ಕಂಡುಕೊಂಡಿದ್ದು. ಅದೇ ನನ್ನ ಗುಟ್ಟು. ಗಿಲ್ಡ್‌ಗೂ ಹೇಳಲಿಲ್ಲ. ಬ್ಯಾಗ್ ಹೊಲಿಯುವಾಗ ಯಾರಾದರೂ ಹತ್ತಿರ ಬಂದು ನಿಂತರೆ ಕಟ್ಟಡದಿಂದ ಹೊರಗೆ ಬಂದು ಸುಮ್ಮನೆ ಕುದುರೆ ಹತ್ತಿಳಿಯುತ್ತಿದ್ದೆ. ಈಗ ನೆನೆಸಿಕೊಂಡರೆ ನಗು ಬರುತ್ತದೆ.

ಈ ಬಚ್ಚಿಡೋ ಚಾಳಿ ಹಳೆಯದು. ಕಾಲೇಜಿನಲ್ಲಿದ್ದಾಗ ಮೈಸೂರಿನ ಸರಸ್ವತಿಪುರಂ ಕಡೆ ಒಂದು ಸೈಬರ್ ಸೆಂಟರ್‌ನಲ್ಲಿ ರಾಗ್ನರಾಕ್ ಆನ್‌ಲೈನ್ ಆಡುತ್ತಿದ್ದೆ. ಅಲ್ಲಿ ನಾನು ಕಮ್ಮಾರ. ಆ ಆಟದಲ್ಲಿ ಕಮ್ಮಾರ ಕತ್ತಿ ಬಡಿದರೆ ಆಗಬಹುದು, ಮುರಿದು ಹೋಗಬಹುದು. ಆಗುವ ಸಾಧ್ಯತೆ ನಿಮ್ಮ ಕೈಚಳಕದ ಅಂಕ, ಅದೃಷ್ಟದ ಅಂಕ, ಕಸುಬಿನ ಮಟ್ಟ, ಬಳಸುವ ಅಡಿಗಲ್ಲು ಇವುಗಳ ಮೇಲೆ ನಿಂತಿತ್ತು. ಇದೆಲ್ಲ ಲೆಕ್ಕಕ್ಕೆ ಸಿಗುವ ಸಂಗತಿ. ಆದರೆ ನನಗೆ ಅದು ಸಾಲದು. ಪ್ರಾಂಟೆರಾ ಊರಿನ ಒಂದು ಮೂಲೆಯಲ್ಲಿ ನಿಂತು ಬಡಿದರೆ ಮುರಿಯುವುದಿಲ್ಲ ಅಂತ ನಂಬಿಕೊಂಡಿದ್ದೆ. ರಾಹುಕಾಲದಲ್ಲಿ ಬಡಿಯುತ್ತಿರಲಿಲ್ಲ. ನಿಜ ಹೇಳ್ತೀನಿ, ಗೋಡೆಯ ಕ್ಯಾಲೆಂಡರ್ ನೋಡಿಕೊಂಡು ಆಟದ ಕತ್ತಿ ಬಡಿದವನು ನಾನು. ಆ ಮೂಲೆ ಯಾವುದು ಅಂತ ಪಕ್ಕದ ಕುರ್ಚಿಯ ಗೆಳೆಯನಿಗೂ ತೋರಿಸುತ್ತಿರಲಿಲ್ಲ. ಅವನು ಎಲ್ಲೆಂದರಲ್ಲಿ ನಿಂತು ಬಡಿಯುತ್ತಿದ್ದ. ನನಗಿಂತ ಚೆನ್ನಾಗಿ ಬಡಿಯುತ್ತಿದ್ದ.

ಆಮೇಲೆ ಓದಿ ತಿಳಿದಿದ್ದು, ಈ ರೋಗ ನನಗೊಬ್ಬನಿಗೇ ಅಲ್ಲ. ಜಪಾನಿನಲ್ಲಿ 2002ರಲ್ಲಿ ಬಂದ ಫೈನಲ್ ಫ್ಯಾಂಟಸಿ 11ರಲ್ಲಿ ಕ್ರಾಫ್ಟಿಂಗ್ ಪಟ್ಟಿಯನ್ನೇ ಆಟದೊಳಗೆ ಕೊಟ್ಟಿರಲಿಲ್ಲ. ಒಂದು ಹರಳು, ಜೊತೆಗೆ ಎಂಟರವರೆಗೆ ಸಾಮಾನು ಹಾಕಿ ಜನರೇ ಪ್ರಯೋಗ ಮಾಡಬೇಕಿತ್ತು. ಅಲ್ಲಿನ ಆಟಗಾರರು ಆಟದೊಳಗಿನ ವಾರ ನೋಡುತ್ತಿದ್ದರು, ಚಂದ್ರ ನೋಡುತ್ತಿದ್ದರು, ಯಾವ ದಿಕ್ಕಿಗೆ ಮುಖ ಮಾಡಿ ಕೂರಬೇಕು ಅಂತ ವಾದ ಮಾಡುತ್ತಿದ್ದರು. ಗುಟ್ಟಿರುವ ಕಡೆ ಮೂಢನಂಬಿಕೆ ಚೆನ್ನಾಗಿ ಬೆಳೆಯುತ್ತದೆ. ಯಾರೂ ಲೆಕ್ಕ ತೋರಿಸದಿದ್ದರೆ ಯಾರ ಲೆಕ್ಕ ತಪ್ಪು ಅಂತ ಹೇಗೆ ಗೊತ್ತಾಗಬೇಕು?

ರಾಗ್ನರಾಕ್‌ನಲ್ಲಿ ನನಗೆ ಇಷ್ಟವಾಗಿದ್ದ ಒಂದು ಸಂಗತಿ ಇದೆ. ನೀವು ಬಡಿದ ಕತ್ತಿಯ ಮೇಲೆ ನಿಮ್ಮ ಹೆಸರು ಕೂರುತ್ತದೆ. ಕೊಂಡವನು ಎಲ್ಲಿಗೆ ಹೋದರೂ ಆ ಹೆಸರು ಜೊತೆಗೇ ಹೋಗುತ್ತದೆ. ನನ್ನ ಗೆಳೆಯ ಪಕ್ಕದಲ್ಲಿ ಕೂತವರಿಗೆಲ್ಲ ಬಡಿಯುವುದನ್ನು ತೋರಿಸಿಕೊಡುತ್ತಿದ್ದ. ಅವರೇ ಅವನಿಗೆ ಗಿರಾಕಿಗಳನ್ನು ಕಳಿಸುತ್ತಿದ್ದರು. ನನ್ನ ಮೂಲೆಗೆ ಯಾರೂ ಬರುತ್ತಿರಲಿಲ್ಲ, ಯಾಕೆಂದರೆ ಮೂಲೆ ಎಲ್ಲಿದೆ ಅಂತ ಗೊತ್ತಿದ್ದವನು ನಾನೊಬ್ಬನೇ.

ಇರಲಿ, ಬ್ಯಾಗಿಗೆ ಬರೋಣ.

ಅಕ್ಟೋಬರ್ ಹೊತ್ತಿಗೆ ನಾನು ತುಂಬಾ ಜಾಗರೂಕನಾಗಿಬಿಟ್ಟಿದ್ದೆ. ಏನು ಹೊಲಿಯುತ್ತೇನೆ ಹೇಳಲ್ಲ, ಎಷ್ಟಕ್ಕೆ ಮಾರುತ್ತೇನೆ ಹೇಳಲ್ಲ. ಆದರೆ ಒಂದು ಶನಿವಾರ ರಾತ್ರಿ ಊಟ ಮುಗಿಸಿ ಬಂದು, ಮೈತ್ರಿಕೂಟದ (ಹಲವು ಗಿಲ್ಡ್‌ಗಳ ಒಕ್ಕೂಟ) ಚಾಟ್‌ನಲ್ಲಿ ಹಾಕಿದೆ: "ಹತ್ತೂವರೆಗೆ ಮಾರ್ಟ್‌ಲಾಕ್ ಬಿಡ್ತೀನಿ. ಕಾರ್ಲಿಯನ್‌ಗೆ ಯಾರಾದ್ರೂ ಜೊತೆಗೆ ಬರ್ತೀರಾ?" ಆ ಚಾಟ್ ನೂರಾರು ಜನ ನೋಡುವ ಜಾಗ.

ಕಾರ್ಲಿಯನ್ ದಾರಿಯಲ್ಲಿ ಕೆಂಪು ವಲಯ ದಾಟಬೇಕು. ಅಲ್ಲಿ ಸತ್ತರೆ ಮೈಮೇಲೆ ಇರುವುದೆಲ್ಲ ಹೋಯಿತು. ಒಂದಿಷ್ಟು ನಾಶವಾಗುತ್ತದೆ, ಉಳಿದದ್ದು ಕೊಂದವನ ಪಾಲು. ನಾನು ಎತ್ತಿನ ಮೇಲೆ 120 ಬ್ಯಾಗ್ ಹೇರಿಕೊಂಡು ಮೊದಲನೇ ಕೆಂಪು ವಲಯದ ಬಾಗಿಲು ದಾಟಿದೆ. ನಾಲ್ಕು ಜನ ನಿಂತಿದ್ದರು. ಅಲ್ಲಿ ಸುಮ್ಮನೆ ತಿರುಗಾಡುತ್ತಿದ್ದವರಲ್ಲ, ಕಾಯುತ್ತಾ ನಿಂತಿದ್ದವರು. ಎತ್ತು ಬಿದ್ದದ್ದು ನೋಡಿದೆ, ಆಮೇಲೆ ನಾನು ಬಿದ್ದೆ. ಪರದೆ ಬೂದಿ ಬಣ್ಣಕ್ಕೆ ತಿರುಗಿತು. ಹತ್ತಿರ ಹತ್ತಿರ ಐದು ಲಕ್ಷ ಬೆಳ್ಳಿಯ ಸಾಮಾನು. ಹೆಂಡತಿ ಪಕ್ಕದ ಕೋಣೆಯಿಂದ, "ಏನಾಯ್ತು, ಯಾಕೆ ಹಂಗೆ ಕಿರುಚಿದ್ರಿ?" ಅಂತ ಕೇಳಿದಳು. ಎತ್ತು ಹೋಯ್ತು ಅಂದೆ. ಊರಿನಿಂದ ಫೋನ್ ಬಂತೇನೋ ಅಂತ ಓಡಿ ಬಂದಳು ಪಾಪ.

ಬಚ್ಚಿಡಬೇಕಾಗಿದ್ದ ಒಂದೇ ಒಂದು ಸಂಗತಿಯನ್ನು ನಾನೇ ಡಂಗುರ ಹೊಡೆದಿದ್ದೆ.

ಬೇಜಾರಿನಲ್ಲಿ ಗಿಲ್ಡ್ ಚಾಟ್‌ಗೆ ಬಂದು ಅತ್ತುಕೊಂಡೆ. ಎಷ್ಟು ಹೋಯಿತು ಅಂತ ಕೇಳಿದರು. ಹೇಳಿದೆ. ಅಷ್ಟೊಂದು ಬ್ಯಾಗ್ ಯಾಕೆ ಒಯ್ಯುತ್ತಿದ್ದೆ ಅಂದರು. ಸುಸ್ತಾಗಿತ್ತು, ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಎಲ್ಲ ಹೇಳಿಬಿಟ್ಟೆ. ನೋಟ್‌ಬುಕ್‌ನ ಒಂದು ಪುಟದ ಫೋಟೋ ತೆಗೆದು ಹಾಕಿದೆ. ಮನಸ್ಸಿನೊಳಗೆ ಸ್ವಲ್ಪ ಹೆಮ್ಮೆಯೂ ಇತ್ತು, ನೋಡಲಿ ಎಷ್ಟು ದುಡಿದಿದ್ದೇನೆ ಅಂತ.

ನಮ್ಮ ಗಿಲ್ಡ್‌ನಲ್ಲಿ ಕುವೆಂಪುನಗರದ ಒಬ್ಬ ಹುಡುಗಿ ಇದ್ದಳು. ಸಿ.ಎ. ಪರೀಕ್ಷೆಗೆ ಓದುತ್ತಿದ್ದಳು. ಹತ್ತು ನಿಮಿಷ ಸುಮ್ಮನಿದ್ದು ಒಂದೇ ಒಂದು ಸಾಲು ಬರೆದಳು: "ಅಣ್ಣ, ಇದರಲ್ಲಿ ಚರ್ಮದ ಖರ್ಚು ಎಲ್ಲಿದೆ?"

"ಚರ್ಮ ನಾನೇ ಸುಲಿಯೋದು. ಪುಕ್ಕಟೆ" ಅಂದೆ.

ಅವಳು ಲೆಕ್ಕ ಬಿಡಿಸಿ ಕಳಿಸಿದಳು. ಅದನ್ನು ಹಾಗೇ ಇಡುತ್ತೇನೆ. ಆ ವಾರ ಮಾರ್ಟ್‌ಲಾಕ್‌ನಲ್ಲಿ ಒಂದು ಹದ ಚರ್ಮಕ್ಕೆ 300 ಬೆಳ್ಳಿ ಸಿಗುತ್ತಿತ್ತು. 8 ಚರ್ಮ ಅಂದರೆ 2,400. ಬಟ್ಟೆ ಒಂದಕ್ಕೆ 280, ಎಂಟಕ್ಕೆ 2,240. ಒಟ್ಟು 4,640. ನಾನು ಹೊಲಿಯುತ್ತಿದ್ದ ಊರಿನಲ್ಲಿ ಬ್ಯಾಗಿಗೆ ವಿಶೇಷ ಅನುಕೂಲ ಏನೂ ಇಲ್ಲ, ಶೇ. 15.2 ಮಾತ್ರ ವಾಪಸ್. ಅಂದರೆ ನಿಜವಾದ ಖರ್ಚು 3,935. ಬ್ಲ್ಯಾಕ್ ಮಾರ್ಕೆಟ್‌ನಲ್ಲಿ ನನಗೆ ಸಿಗುತ್ತಿದ್ದದ್ದು 4,100. ಪ್ರೀಮಿಯಂ ಸದಸ್ಯತ್ವ ಕೊಂಡವರಿಗೆ ಮಾರಾಟದ ತೆರಿಗೆ ಶೇ. 4, ಅದು 164. ಕೈಗೆ ಬಂದದ್ದು 3,936.

ಲಾಭ, ಒಂದು ಬೆಳ್ಳಿ.

ನನ್ನ ನೋಟ್‌ಬುಕ್‌ನಲ್ಲಿ ಅದೇ ಬ್ಯಾಗಿಗೆ 2,036 ಅಂತ ಇತ್ತು. ಬಟ್ಟೆಯ ಖರ್ಚು ಮಾತ್ರ ಹಿಡಿದಿದ್ದೆ. ಅವಳು ಇನ್ನೊಂದು ಮಾತು ಸೇರಿಸಿದಳು: "ಹೊಲಿಯುವ ಕಟ್ಟಡದ ಯಜಮಾನನಿಗೆ ಫೀಸ್ ಕೊಡ್ತೀಯಲ್ಲ, ಅದನ್ನೂ ಹಿಡಿದರೆ ಲಾಸ್."

ಲಾಸ್ ಕಣೋ, ಸುಮ್ನೆ ಟೈಮ್‌ಪಾಸ್ ಅಂತ ಆ ಹುಡುಗನಿಗೆ ಹೇಳಿದ್ದೆನಲ್ಲ, ಅದು ನಿಜವೇ ಆಗಿತ್ತು.

ಚರ್ಮ ಹದ ಮಾಡಿ ಮಾರ್ಟ್‌ಲಾಕ್‌ನಲ್ಲೇ ಮಾರಿ ಮಲಗಿದ್ದರೆ ಅಷ್ಟೇ ದುಡ್ಡು ಬರುತ್ತಿತ್ತು. ಬಟ್ಟೆ ಕೊಳ್ಳಬೇಕಿರಲಿಲ್ಲ, ಹೊಲಿಯಬೇಕಿರಲಿಲ್ಲ, ಎತ್ತು ಕಟ್ಟಬೇಕಿರಲಿಲ್ಲ, ಕೆಂಪು ವಲಯಕ್ಕೆ ಕಾಲಿಡಬೇಕಿರಲಿಲ್ಲ. ನಾಲ್ಕು ತಿಂಗಳು ನಾನು ಕಾವಲು ಕಾದದ್ದು ಖಾಲಿ ಪೆಟ್ಟಿಗೆಗೆ. ಮೊದಲನೇ ವಾರವೇ ಯಾರಿಗಾದರೂ ತೋರಿಸಿದ್ದರೆ ಎರಡು ನಿಮಿಷದಲ್ಲಿ ಹೇಳಿಬಿಡುತ್ತಿದ್ದರು.

ಆ ರಾತ್ರಿ ನನಗೆ ದೊಡ್ಡಪ್ಪನ ಆಲೆಮನೆ ನೆನಪಾಯಿತು. ನಮ್ಮ ಊರಿನಲ್ಲಿ ಕಬ್ಬು ಅರೆದು ಬೆಲ್ಲ ಮಾಡುತ್ತಿದ್ದರು. ಕೊಪ್ಪರಿಗೆಯಲ್ಲಿ ಹಾಲು ಕುದಿಯುವಾಗ (ಕಬ್ಬಿನ ರಸಕ್ಕೆ ನಾವು ಹಾಲು ಅಂತಲೇ ಹೇಳೋದು) ದೊಡ್ಡಪ್ಪ ಮಕ್ಕಳನ್ನು ಓಡಿಸುತ್ತಿದ್ದರು. ಏನೋ ಹಾಕುತ್ತಾರೆ, ಅದು ಮನೆತನದ ಗುಟ್ಟು ಅಂತ ನಾವು ಪಿಸುಗುಟ್ಟುತ್ತಿದ್ದೆವು. ದೊಡ್ಡವನಾದ ಮೇಲೆ ನೋಡಿದರೆ ಬೆಂಡೆ ಗಿಡದ ದಂಟು ಜಜ್ಜಿ ತೆಗೆದ ಲೋಳೆ ಮತ್ತು ಒಂದು ಚಿಟಿಕೆ ಸುಣ್ಣ. ಲೋಳೆ ಕೊಳೆಯನ್ನೆಲ್ಲ ಹಿಡಿದು ಮೇಲಕ್ಕೆ ತರುತ್ತದೆ, ಅದನ್ನು ಜಾಲರಿ ಸೌಟಿನಲ್ಲಿ ತೆಗೆದು ಎಸೆಯಬೇಕು. ಜಿಲ್ಲೆಯ ಹಳೆ ಆಲೆಮನೆಗಳಲ್ಲೆಲ್ಲ ಗೊತ್ತಿರುವ ಸಂಗತಿ. ಪಾಕ ಬಂತೋ ಇಲ್ಲವೋ ಅಂತ ನೋಡಲು ದೊಡ್ಡಪ್ಪ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟುತ್ತಿದ್ದರು. ಅದನ್ನು ಎಲ್ಲರೆದುರೇ ಮಾಡುತ್ತಿದ್ದರು. ಎಷ್ಟು ಸಲ ನೋಡಿದರೂ ನನಗೆ ಬರಲಿಲ್ಲ. ನಾನು ಇಳಿಸಿದ ಕೊಪ್ಪರಿಗೆ ಒಂದು ಸಲ ಜೋನಿಯಾಯಿತು, ಇನ್ನೊಂದು ಸಲ ಸೀದು ಹೋಯಿತು.

ನನಗೆ ಚುಚ್ಚಿದ್ದು ಅದಲ್ಲ. ದೊಡ್ಡಪ್ಪನೂ ಕಬ್ಬಿಗೆ ಲೆಕ್ಕ ಹಿಡಿಯುತ್ತಿರಲಿಲ್ಲ. ನಮ್ಮ ಗದ್ದೆ, ನಮ್ಮ ಕಬ್ಬು, ಇನ್ನೇನು ಖರ್ಚು ಅನ್ನುತ್ತಿದ್ದರು. ಆಳಿನ ಕೂಲಿ, ಗಾಣದ ಡೀಸೆಲ್ ಕಳೆದು ಉಳಿದದ್ದೆಲ್ಲ ಲಾಭ. ಆ ಕಬ್ಬನ್ನು ಹಾಗೇ ಕಾರ್ಖಾನೆಗೆ ಹಾಕಿದ್ದರೆ ಎಷ್ಟು ಬರುತ್ತಿತ್ತು ಅಂತ ಅಪ್ಪ ಒಂದು ಸಲ ಕೇಳಿದ್ದಕ್ಕೆ ಮೂರು ತಿಂಗಳು ಮಾತು ಬಿಟ್ಟಿದ್ದರು. ರಕ್ತದಲ್ಲೇ ಬಂದಿದೆ ಅನ್ನಿ.

ಆಮೇಲೆ ನಾನು ಮಾಡಿದ್ದು ಇಷ್ಟು. ಲೆಕ್ಕವನ್ನು ನೋಟ್‌ಬುಕ್‌ನಿಂದ ತೆಗೆದು ಒಂದು ಶೀಟ್‌ಗೆ ಹಾಕಿದೆ. ಹಸಿ ಚರ್ಮ, ಹದ ಚರ್ಮ, ಬಟ್ಟೆ, ವಾಪಸ್ ಬರುವ ಪಾಲು, ಫೀಸ್, ತೆರಿಗೆ ಎಲ್ಲ ಕನ್ನಡದಲ್ಲೇ. ಗಿಲ್ಡ್‌ನ ಎಲ್ಲರಿಗೂ ತೆರೆದಿಟ್ಟೆ. ಸ್ವಂತ ಕೈಯಿಂದ ತಂದ ಸಾಮಾನಿಗೂ ಆ ದಿನದ ಮಾರುಕಟ್ಟೆ ಬೆಲೆಯನ್ನೇ ಹಾಕಬೇಕು ಅಂತ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ. ಬರೆದದ್ದು ಬೇರೆಯವರಿಗಲ್ಲ, ನನಗೇ.

ಬೆಲೆಗಳನ್ನು ಬಚ್ಚಿಡುವುದರಲ್ಲಿ ಅರ್ಥವೂ ಇರಲಿಲ್ಲ ಅಂತ ಆಗ ಗೊತ್ತಾಯಿತು. ಆಲ್ಬಿಯನ್ ಆನ್‌ಲೈನ್ ಡೇಟಾ ಪ್ರಾಜೆಕ್ಟ್ ಅಂತ ಆಟಗಾರರೇ ನಡೆಸುವ ಒಂದು ವ್ಯವಸ್ಥೆ ಇದೆ. ಕಂಪ್ಯೂಟರಿನಲ್ಲಿ ಒಂದು ಸಣ್ಣ ತಂತ್ರಾಂಶ ಹಾಕಿಕೊಂಡವರು ಮಾರುಕಟ್ಟೆ ತೆರೆದಾಗಲೆಲ್ಲ ಅಲ್ಲಿ ಕಂಡ ಬೆಲೆ ಒಂದೇ ಕಡೆಗೆ ಹೋಗಿ ಸೇರುತ್ತದೆ. ಬ್ಲ್ಯಾಕ್ ಮಾರ್ಕೆಟ್ ಬೆಲೆಯೂ ಅಲ್ಲಿರುತ್ತದೆ. ನಾನು ಮೂರು ವಾರ ನಿದ್ದೆಗೆಟ್ಟು ಬರೆದದ್ದನ್ನು ಯಾರು ಬೇಕಾದರೂ ಚಹಾ ಕುಡಿಯುವಷ್ಟರಲ್ಲಿ ನೋಡಬಹುದಿತ್ತು.

ಶೀಟ್ ತೆರೆದಿಟ್ಟ ಮೇಲೆ ಎಲ್ಲ ಸುಖವಾಗಿತ್ತು ಅಂತ ಹೇಳಲಾರೆ. ಏಳು ಜನ ಒಟ್ಟಿಗೆ ಬ್ಯಾಗಿಗೆ ಇಳಿದರು. ನಾಲ್ಕೇ ದಿನದಲ್ಲಿ ಕಾರ್ಲಿಯನ್‌ನಲ್ಲಿ ಬೆಲೆ ಕುಸಿಯಿತು. ಹೊಸ ಹುಡುಗನೊಬ್ಬ ಹಳೆ ಬೆಲೆ ನೋಡಿಕೊಂಡು ಇದ್ದಬದ್ದ ಬೆಳ್ಳಿಗೆಲ್ಲ ಬಟ್ಟೆ ಕೊಂಡುಬಿಟ್ಟ. ಅವನಿಗೆ ನಾನು ಗಂಟು ಬಿದ್ದ ಹಾಗಾಯಿತು. ಇನ್ನೊಬ್ಬ ಶೀಟ್ ಎತ್ತಿಕೊಂಡು ಬೇರೆ ಗಿಲ್ಡ್ ಸೇರಿದ, ಅಲ್ಲಿ ತನ್ನದೇ ಅಂತ ಹೇಳಿಕೊಂಡ. ಎರಡು ದಿನ ನನಗೆ ಊಟ ರುಚಿಸಲಿಲ್ಲ. ಈಗಲೂ ಅವನ ಮೇಲೆ ಸಿಟ್ಟಿದೆ, ಸುಳ್ಳು ಯಾಕೆ ಹೇಳಲಿ.

ಆದರೆ ಆ ಏಳು ಜನರಲ್ಲಿ ಒಬ್ಬ ಶ್ರೀರಂಗಪಟ್ಟಣದವನು ಒಂದು ಪ್ರಶ್ನೆ ಕೇಳಿದ. ಚರ್ಮ ಹದ ಮಾಡಲು ಮಾರ್ಟ್‌ಲಾಕ್ ಇದ್ದಂತೆ ಬಟ್ಟೆಗೆ ಲಿಮ್‌ಹರ್ಸ್ಟ್ ಇದೆಯಲ್ಲ, ಬಟ್ಟೆಯನ್ನು ಯಾಕೆ ಕೊಳ್ಳಬೇಕು? ಅವನೇ ನಾರು ತರಲು ಶುರು ಮಾಡಿದ. ಲಿಮ್‌ಹರ್ಸ್ಟ್‌ನಲ್ಲಿ ಬಟ್ಟೆ ಮಾಡಿದರೆ ಅಲ್ಲೂ ಶೇ. 36.7 ವಾಪಸ್. ಪ್ರೀಮಿಯಂ ಇದ್ದವರಿಗೆ ದಿನಕ್ಕೆ 10,000 ಫೋಕಸ್ ಅಂಕ ಸಿಗುತ್ತದೆ. ಅದನ್ನು ನಾನು ಕಂಡಕಂಡದ್ದಕ್ಕೆಲ್ಲ ಸುರಿಯುತ್ತಿದ್ದೆ. ಹದ ಮಾಡುವಾಗ ಬಳಸಿದರೆ ಅದೇ ಊರಲ್ಲಿ ಶೇ. 53.9 ವಾಪಸ್ ಬರುತ್ತದೆ ಅಂತ ಸಿ.ಎ. ಹುಡುಗಿ ತೋರಿಸಿದಳು. ಚರ್ಮ ನನ್ನದು, ಬಟ್ಟೆ ಅವನದು, ಹೊಲಿಯುವುದು ಮೂರನೆಯವನದು ಅಂತ ಹಂಚಿಕೊಂಡೆವು. ಡಿಸೆಂಬರ್‌ನಲ್ಲಿ ಬ್ಯಾಗಿನಿಂದ ಮೊದಲ ಸಲ ನಿಜವಾದ ಲಾಭ ಬಂತು. ಸಣ್ಣದು. ಕೆಲವು ವಾರ ಬ್ಯಾಗ್ ಬಿಟ್ಟು ಚರ್ಮವನ್ನೇ ಮಾರಿದೆವು, ಶೀಟ್ ಹಾಗೆ ಹೇಳಿತ್ತು.

ಈ ನಡುವೆ ಗಿಲ್ಡ್‌ನ ಅತಿ ಚಿಕ್ಕವನು, ಪಿಯುಸಿ ಓದುವವನು, ಒಂದು ತಕರಾರು ತೆಗೆದ. "ನೀವೆಲ್ಲ ಉತ್ತರ ಬರೆದಿಟ್ಟುಬಿಟ್ರೆ ನನಗೆ ಆಟದಲ್ಲಿ ಏನು ಮಜಾ?" ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಹುಡುಕುವ ಖುಷಿ ದೊಡ್ಡದು. 2012ರಲ್ಲಿ ಬಂದ ಗಿಲ್ಡ್ ವಾರ್ಸ್ 2ರಲ್ಲಿ ಸಾಮಾನುಗಳನ್ನು ಜೋಡಿಸಿ ಹೊಸ ಪಾಕವಿಧಾನ ಕಂಡುಹಿಡಿದರೆ ಅನುಭವದ ಅಂಕವೇ ಬೇರೆ ಸಿಗುತ್ತದೆ. ಆದರೆ ಅದೇ ಆಟದೊಳಗೆ ವಿಕಿ ಅಂತ ಟೈಪ್ ಮಾಡಿದರೆ ಉತ್ತರದ ಪುಟ ತೆರೆದುಕೊಳ್ಳುತ್ತದೆ. ಎರಡೂ ಬಾಗಿಲು ಇಟ್ಟಿದ್ದಾರೆ, ಯಾವುದರಲ್ಲಿ ಹೋಗಬೇಕು ಅನ್ನೋದು ನಿಮ್ಮಿಷ್ಟ. ನಾನು ಆ ಹುಡುಗನಿಗೆ ಶೀಟ್‌ನಲ್ಲಿ ಲೆಕ್ಕದ ಸೂತ್ರ ಮಾತ್ರ ಕಾಣುವಂತೆ ಮಾಡಿ ಸಾಮಾನಿನ ಹೆಸರು ಅಳಿಸಿ ಕೊಟ್ಟೆ. ಅವನು ಈಗ ಊಟ ಬೇಯಿಸಿ ಮಾರುತ್ತಾನೆ. ಎಷ್ಟು ಲಾಭ ಅಂತ ಕೇಳಿದರೆ ಹಲ್ಲು ಕಿರಿಯುತ್ತಾನೆ.

ಆಟ ಮಾಡಿದವರೇ ಗುಟ್ಟು ಉಳಿಸಲು ಹೆಣಗಿದ್ದೂ ಇದೆ. 1999ರ ಆಷರಾನ್ಸ್ ಕಾಲ್‌ನಲ್ಲಿ ಮಂತ್ರಕ್ಕೆ ಬೇಕಾದ ಸಾಮಾನಿನ ಜೋಡಣೆ ಒಬ್ಬೊಬ್ಬರಿಗೂ ಸ್ವಲ್ಪ ಬೇರೆ. ಸಾಲದ್ದಕ್ಕೆ ಒಂದು ಮಂತ್ರವನ್ನು ಜಾಸ್ತಿ ಜನ ಬಳಸಿದಷ್ಟೂ ಅದರ ಬಲ ಕಡಿಮೆಯಾಗುತ್ತಿತ್ತು. ಹೇಳಿಕೊಟ್ಟರೆ ನಿಮಗೇ ನಷ್ಟ, ಹಾಗೆ ಕಟ್ಟಿದ್ದರು. ಆದರೂ ಜನ ಆ ಜೋಡಣೆಯ ಲೆಕ್ಕವನ್ನೇ ಬಿಡಿಸಿ ಅದಕ್ಕೊಂದು ಸಾಫ್ಟ್‌ವೇರ್ ಮಾಡಿ ಹಂಚಿದರು. 2003ರ ಎ ಟೇಲ್ ಇನ್ ದ ಡೆಸರ್ಟ್‌ನಲ್ಲಿ ಬಣ್ಣ ಬೆರೆಸುವ ಕೆಲಸ ಇದೆ. ಯಾವ ಎರಡು ಸಾಮಾನು ಸೇರಿದರೆ ಬಣ್ಣ ಹೇಗೆ ತಿರುಗುತ್ತದೆ ಅನ್ನೋದು ಪ್ರತಿಯೊಬ್ಬರಿಗೂ ಬೇರೆ ಬೇರೆ. ನಿಮ್ಮ ಉತ್ತರ ನನಗೆ ಕೆಲಸಕ್ಕೆ ಬಾರದು. ಹುಡುಕುವ ರೀತಿಯನ್ನು ಮಾತ್ರ ಹೇಳಿಕೊಡಬಹುದು. ನನಗೆ ಇದು ಬಹಳ ಹಿಡಿಸಿತು. ಅದೇ 2003ರಲ್ಲಿ ಬಂದ ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್‌ನಲ್ಲಿ ಇನ್ನೊಂದು ಬಗೆ. ಅಲ್ಲಿ ಅದಿರು, ಚರ್ಮ ಎಲ್ಲಕ್ಕೂ ಗುಣದ ಅಂಕ ಇತ್ತು. ಒಳ್ಳೆ ಅದಿರು ಎಲ್ಲೋ ಒಂದು ಕಡೆ ಹುಟ್ಟುತ್ತಿತ್ತು, ಕೆಲವು ದಿನ ಅಥವಾ ವಾರ ಇದ್ದು ಮಾಯವಾಗುತ್ತಿತ್ತು. ಎಲ್ಲಿದೆ ಅನ್ನೋದೇ ಕಸುಬುದಾರನ ಗುಟ್ಟು, ಆದರೆ ಆ ಗುಟ್ಟಿಗೆ ಆಯಸ್ಸು ಕಡಿಮೆ. ತಿಂಗಳಾದ ಮೇಲೆ ಬಚ್ಚಿಟ್ಟರೂ ಒಂದೇ, ಹೇಳಿದರೂ ಒಂದೇ.

ಮೈಸೂರಿನವರು ಇಲ್ಲಿ ಒಂದು ಮಾತು ತೆಗೆಯುತ್ತಾರೆ. ಸಿ.ಎ. ಹುಡುಗಿಯೇ ತೆಗೆದಳು. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಶಾಯಿ ನಮ್ಮ ಮೈಸೂರಿನ ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯದು. ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ ಶುರುವಾದದ್ದು. 1962ರ ಚುನಾವಣೆಯಿಂದ ಅಲ್ಲಿಂದಲೇ ಶಾಯಿ ಹೋಗುತ್ತಿದೆ. ಅದರ ಸೂತ್ರ ಗುಟ್ಟು. ಇಷ್ಟು ವರ್ಷ ಉಳಿದಿಲ್ವಾ ಅಂದಳು. ಉಳಿದಿದೆ ನಿಜ. ಆದರೆ ಅದರಲ್ಲಿ ಸಿಲ್ವರ್ ನೈಟ್ರೇಟ್ ಇದೆ ಅಂತ ಶಾಲೆಯ ಮಕ್ಕಳಿಗೂ ಗೊತ್ತು. ಆ ಗುಟ್ಟಿನ ಹಿಂದೆ ಸರ್ಕಾರ ನಿಂತಿದೆ, ಪರವಾನಗಿ ನಿಂತಿದೆ. ನನ್ನ ಬ್ಯಾಗಿನ ಹಿಂದೆ ನಿಂತಿದ್ದದ್ದು ಒಂದು ಎತ್ತು. ಅದೂ ಸತ್ತುಹೋಯಿತು.

ಈಗ ನನ್ನ ಪದ್ಧತಿ ಸರಳ. ಹೇಗೆ ಮಾಡುತ್ತೇನೆ, ಎಷ್ಟು ಖರ್ಚು, ಎಷ್ಟು ಉಳಿಯುತ್ತದೆ ಯಾರು ಕೇಳಿದರೂ ಹೇಳುತ್ತೇನೆ. ಅದರಲ್ಲಿ ತಪ್ಪಿದ್ದರೆ ತಿದ್ದುವವರು ಬೇಕು. ಇವತ್ತು ರಾತ್ರಿ ಏನು ಕೊಳ್ಳುತ್ತೇನೆ, ಯಾವ ಬಾಗಿಲಿನಿಂದ ಹೊರಡುತ್ತೇನೆ ಅನ್ನೋದನ್ನ ಮಾತ್ರ ಹೆಂಡತಿಗೂ ಹೇಳುವುದಿಲ್ಲ. ಅವಳು ಕೇಳುವುದೂ ಇಲ್ಲ. ಹೊಸ ಸಾಮಾನಿನ ಬಗ್ಗೆ ಏನಾದರೂ ಹೊಳೆದರೆ ಒಂದು ವಾರ ಸುಮ್ಮನಿರುತ್ತೇನೆ, ಅಷ್ಟು ಆಸೆ ಇನ್ನೂ ಇದೆ. ಎಂಟನೇ ದಿನ ಶೀಟ್‌ಗೆ ಹಾಕುತ್ತೇನೆ. ಹಾಕಿದಾಗೆಲ್ಲ ಯಾರಾದರೂ ಒಂದು ಖರ್ಚು ಹಿಡಿದು ತೋರಿಸುತ್ತಾರೆ, ನಾನು ಮರೆತದ್ದು.

ನಿನ್ನೆ ರಾತ್ರಿ ಮಾರ್ಟ್‌ಲಾಕ್‌ನಲ್ಲಿ ಎತ್ತು ಹೇರಿ ನಿಲ್ಲಿಸಿದ್ದೆ. 80 ಬ್ಯಾಗ್. ಅದೇ ಹಳೆ ಹುಡುಗ, ಮೊದಲು ಎಲ್ಲಿ ಮಾರ್ತೀಯ ಅಂತ ಕೇಳಿದವನು, ಚಾಟ್‌ನಲ್ಲಿ ಬಂದ.

"ಅಣ್ಣ, ಯಾವಾಗ ಹೊರಡ್ತೀಯ?"

"ನಾಳೆ ಕಣೋ" ಅಂತ ಬರೆದು, ಎತ್ತು ಹತ್ತಿದೆ.